ನಲ್ಲಿಯ ಕೆಳಗೆ 18 ಸೆಂಟಿಮೀಟರ್

ಕರಾವಳಿಯ ಕಾಲೇಜುಗಳಲ್ಲಿ ಜೂನ್ 5 ಬಂತೆಂದರೆ ಎರಡು ಸಂಗತಿ ಗ್ಯಾರಂಟಿ: ಹೊರಗೆ ಮಳೆ, ಒಳಗೆ ಭಾಷಣ. ವಿಶ್ವ ಪರಿಸರ ದಿನದ ವಿಷಯ 2018ರಲ್ಲಿ ಪ್ಲಾಸ್ಟಿಕ್ ಮಾಲಿನ್ಯ. 2023ರಲ್ಲೂ ಅದೇ, 2025ರಲ್ಲೂ ಅದೇ. ಇಸವಿಯ ಮೇಲೊಂದು ಸ್ಟಿಕ್ಕರ್ ಅಂಟಿಸಿದ್ದರೆ ಹಳೆಯ ಬ್ಯಾನರೇ ಸಾಕಿತ್ತು. ಆದರೆ ಪ್ರತಿ ಸಲವೂ ಹೊಸ ಫ್ಲೆಕ್ಸೇ ಆಗಬೇಕು, ರಾಜ್ಯದಲ್ಲಿ 2016ರಲ್ಲೇ ನಿಷೇಧವಾದ ಫ್ಲೆಕ್ಸ್. ಅದರಲ್ಲಿ ದಪ್ಪಕ್ಷರ: ‘ಪ್ಲಾಸ್ಟಿಕ್ ಬಿಡಿ, ಬಾಟ್ಲಿ ಹಿಡಿಯಿರಿ.’ ಬಾಟ್ಲಿ ಹಿಡಿಯುವುದಕ್ಕೆ ನಮ್ಮೂರಲ್ಲಿ ಬೇರೆ ಅರ್ಥವೂ ಉಂಟೆಂದು ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಫ್ಲೆಕ್ಸಿನ ಮುಂದೆ ಗಣ್ಯರು, ಒಬ್ಬೊಬ್ಬರ ಮುಂದೆಯೂ ಕಾಲು ಲೀಟರಿನ ಪ್ಲಾಸ್ಟಿಕ್ ಬಾಟ್ಲಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ 2022ರ ಜುಲೈ 1ರಂದು ಬಂದ ನಿಷೇಧದಲ್ಲಿ ಸ್ಟ್ರಾ, ಕಿವಿಕಡ್ಡಿ, ಐಸ್‌ಕ್ರೀಂ ಕಡ್ಡಿ ಎಲ್ಲ ಸಿಕ್ಕಿಬಿದ್ದವು, ನೀರಿನ ಬಾಟ್ಲಿ ಮಾತ್ರ ಪಾರಾಯಿತು. ಹಾಗಾಗಿ ವೇದಿಕೆಯಲ್ಲಿ ಅಪರಾಧಿ ಇರುವುದು ಗಣ್ಯರ ಬೆನ್ನ ಹಿಂದೆ ಮಾತ್ರ.

ಪ್ರತಿಜ್ಞೆ ಆಯಿತು. ಮಕ್ಕಳ ಕೈಗೆ ಲೋಗೋ ಹಾಕಿದ ಒಂದು ಲೀಟರಿನ ಸ್ಟೀಲ್ ಬಾಟ್ಲಿ ಬಂತು. ಇನ್ನು ಅದನ್ನು ಹಿಡಿದುಕೊಂಡು ಕಾರಿಡಾರಿನ ಕೂಲರಿನ ಹತ್ತಿರ ಹೋಗುವಾ.

ಬಾಟ್ಲಿಯ ಎತ್ತರ 28 ಸೆಂಟಿಮೀಟರ್. ನಲ್ಲಿಯ ಬಾಯಿಗೂ ಕೆಳಗಿನ ಟ್ರೇಗೂ ನಡುವೆ 18. ನೆಟ್ಟಗೆ ಇಟ್ಟರೆ ಹಿಡಿಸುವುದಿಲ್ಲ. ಓರೆ ಮಾಡಿ ಹಿಡಿದರೆ ಅರ್ಧ ತುಂಬುವಷ್ಟರಲ್ಲಿ ನೀರು ಬಾಯಿಂದ ಹೊರಗೆ ಬಂದು ಅಂಗಿಯ ತೋಳು ಒದ್ದೆ. ನಲ್ಲಿಯೋ, ಒತ್ತಿದಷ್ಟು ಹೊತ್ತು ಮಾತ್ರ ಬಿಡುವಂಥದ್ದು. ಒಂದು ಕೈ ನಲ್ಲಿಗೆ, ಒಂದು ಕೈ ಬಾಟ್ಲಿಗೆ, ಮುಚ್ಚಳ ಹಲ್ಲಿನಲ್ಲಿ. ಮೊಬೈಲ್ ಎಲ್ಲಿ ಎಂದು ಕೇಳಬೇಡಿ.

ಲೀಟರು ತುಂಬಲು 40 ಸೆಕೆಂಡ್ ಎಂದಿಟ್ಟುಕೊಳ್ಳಿ. ನಲ್ಲಿ ಎರಡು, ಬಿಡುವು ಹತ್ತು ನಿಮಿಷ. ಯಾರೂ ಯಾರ ಹತ್ತಿರವೂ ಮಾತಾಡದೆ ನಿಂತರೆ 30 ಬಾಟ್ಲಿ. ಒಂದು ಕ್ಲಾಸಿನಲ್ಲಿರುವುದೇ 60 ಜನ. ಟ್ಯಾಂಕು 40 ಲೀಟರಿನದಾದರೆ ಒಂದೇ ಬಿಡುವಿಗೆ ಮುಕ್ಕಾಲು ಖಾಲಿ. ನೀರಿನ ಲವಣ ಸೋಸುವ, ಗಂಟೆಗೆ 25 ಲೀಟರು ಕೊಡುವ ಆರ್‌ಒ ಯಂತ್ರಕ್ಕೆ ಅದನ್ನು ಮತ್ತೆ ತುಂಬಲು ಒಂದು ಗಂಟೆಗೂ ಮೇಲೆ ಬೇಕು. ಆಮೇಲೆ ಮಕ್ಕಳು ಕ್ಯಾಂಟೀನಿಗೆ ಹೋಗಿ ನೀರಿನ ಪ್ಲಾಸ್ಟಿಕ್ ಬಾಟ್ಲಿ ತರುತ್ತಾರೆ. ಅದರ ನೀರನ್ನು ಸ್ಟೀಲ್ ಬಾಟ್ಲಿಗೆ ಸುರಿದುಕೊಳ್ಳುವ ನಿಷ್ಠಾವಂತರೂ ಇದ್ದಾರೆ, ಪ್ರತಿಜ್ಞೆ ಮಾಡಿದ್ದಲ್ವಾ?

ಆರ್‌ಒ ಬೇಕಾದದ್ದಾದರೂ ಯಾಕೆ? ತುಂಬೆ ಅಣೆಕಟ್ಟಿನಿಂದ ಮಂಗಳೂರಿಗೆ, ಬಜೆ ಅಣೆಕಟ್ಟಿನಿಂದ ಉಡುಪಿಗೆ ಬರುವುದು ನೇತ್ರಾವತಿ, ಸ್ವರ್ಣೆಯರ ಮೆದು ನೀರು. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಹೊಳೆನೀರು ಆ ಗೆರೆಯ ಹತ್ತಿರಕ್ಕೂ ಸುಳಿಯುವುದಿಲ್ಲ. ಅಷ್ಟಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ಬೇಡವೆಂದು ಹಸಿರು ನ್ಯಾಯಾಧಿಕರಣ ಹೇಳಿದ್ದು 2019ರ ಮೇಯಲ್ಲಿ. ಅದೇ ಬೇಸಿಗೆಯಲ್ಲಿ ಮಂಗಳೂರಿಗೆ ನಲ್ಲಿ ನೀರು ರೇಷನ್ನಿನಲ್ಲಿ ಬರುತ್ತಿತ್ತು. ಯಂತ್ರ ಮಾತ್ರ ಒಂದು ಲೀಟರು ಕುಡಿಸಲು ಸುಮಾರು ಮೂರು ಲೀಟರನ್ನು ಚರಂಡಿಗೆ ಬಿಡುತ್ತಲೇ ಇದೆ. ಈ ನೀರಿಗೆ ಬೇಕಾದದ್ದು ಕೆಸರು ತಡೆಯುವ ಫಿಲ್ಟರ್ ಕ್ಯಾಂಡಲ್ಲು, ರೋಗಾಣು ಕೊಲ್ಲುವ ಯುವಿ ದೀಪ. ಆ ಕ್ಯಾಂಡಲ್ಲೋ, ಜುಲೈಯ ಕೆಂಪು ನೀರಿಗೆ ಕಟ್ಟಿಕೊಂಡು ನಲ್ಲಿಯಲ್ಲಿ ನೂಲಿನಷ್ಟೇ ನೀರು. ಮಳೆಗಾಲದ ನಡುವೆ ಒಮ್ಮೆ ಬದಲಿಸಬೇಕು. ಸರ್ವಿಸ್ ಚೀಟಿಯಲ್ಲಿ ತಾರೀಕು ಉಂಟು, ಓದಲಿಕ್ಕೆ ಆಗುವುದಿಲ್ಲ.

ಭಾಷಣದಲ್ಲಿ ಬಾರದ ಇನ್ನೊಂದು ವಸ್ತು, ಮುಚ್ಚಳದೊಳಗಿನ ರಬ್ಬರ್ ಬಳೆ. ನಮ್ಮ ಮಳೆಗಾಲದಲ್ಲಿ ಕಾಲುಚೀಲವೇ ಒಣಗುವುದಿಲ್ಲ, ಅದು ಒಣಗುತ್ತದಾ? ಒದ್ದೆಯಲ್ಲೇ ಮುಚ್ಚಿಟ್ಟರೆ ವಾರದಲ್ಲಿ ಕಪ್ಪು ಬೂಸ್ಟು, ನೀರಿಗೆ ಮಣ್ಣಿನ ವಾಸನೆ. ಚಮಚದ ಹಿಡಿಯಿಂದ ಬಳೆ ಎಬ್ಬಿಸಿ, ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ ತಿಕ್ಕಬೇಕು. ರಾತ್ರಿ ಮುಚ್ಚಳ ತೆಗೆದು ಬಾಟ್ಲಿ ಬೋರಲು ಹಾಕಬೇಕು. ಇದನ್ನು ಹೇಳಿಕೊಡಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಧನ್ಯವಾದ ಸಮರ್ಪಣೆಗೆ ಹೋಯಿತು.

ಹಾಗಾದರೆ ನಲ್ಲಿಯದ್ದೇನು? ಒಬ್ಬ ಪ್ಲಂಬರ್, ಕೊಕ್ಕರೆಯ ಕೊರಳಿನ ಹಾಗೆ ಬಾಗಿದ ಅರ್ಧ ಇಂಚಿನ ನಲ್ಲಿ, ದಾರಕ್ಕೆ ಸುತ್ತಲು ಟೆಫ್ಲಾನ್ ಟೇಪು. ಬಾಯಿಂದ ಟ್ರೇಗೆ 32 ಸೆಂಟಿಮೀಟರ್ ಬಿಟ್ಟರಾಯಿತು, ಅರ್ಧ ಗಂಟೆಯ ಕೆಲಸ. ತೊಂದರೆ ಒಂದೇ: ನಲ್ಲಿ ಬದಲಿಸಿದ್ದಕ್ಕೆ ಉದ್ಘಾಟನೆ ಇಡಲಿಕ್ಕಾಗುವುದಿಲ್ಲ, ದೀಪ ಹಚ್ಚಲಿಕ್ಕಾಗುವುದಿಲ್ಲ, ನಲ್ಲಿಗೆ ಲೋಗೋ ಹಾಕಿದರೂ ಕಾಣುವುದಿಲ್ಲ.

ಆದ್ದರಿಂದ ಸಮಿತಿ ಬೇರೆ ದಾರಿ ಹುಡುಕಿದೆ. ಬರುವ ಜೂನಿಗೆ 350 ಮಿಲಿಲೀಟರಿನ, 16 ಸೆಂಟಿಮೀಟರ್ ಎತ್ತರದ ಬಾಟ್ಲಿ. ನಲ್ಲಿಯ ಕೆಳಗೆ ಸಲೀಸಾಗಿ ಹಿಡಿಸುತ್ತದೆ. ಕೊಟೇಶನ್ ಕೇಳಿಯಾಗಿದೆ. ಅದೇ ಕೂಲರಿನ ಪಕ್ಕದಲ್ಲಿ ಅಷ್ಟೇ ನೀರು ಹಿಡಿಸುವ ಒಂದು ಸ್ಟೀಲ್ ಲೋಟ ವರ್ಷಗಟ್ಟಲೆ ನೇತಾಡುತ್ತಿತ್ತು. ಕೊರೊನಾ ಕಾಲದಲ್ಲಿ ಅದನ್ನು ತೆಗೆದರು. ಸರಪಳಿ ಇನ್ನೂ ಅಲ್ಲೇ ಉಂಟು.