ಆಟಕ್ಕುಂಟು, ಲೆಕ್ಕಕ್ಕಿಲ್ಲ

ಬರೆದು ಆಡುವ ಕಥೆಯಾಟಗಳಲ್ಲಿ ಕೆಲಸದ ಹಂಚಿಕೆ ಬಹಳ ನ್ಯಾಯವಾದದ್ದು. ಆಟಗಾರರು ತಲೆಗೊಬ್ಬ ನಾಯಕನನ್ನೋ ನಾಯಕಿಯನ್ನೋ ಸೃಷ್ಟಿಸಿಕೊಳ್ಳುತ್ತಾರೆ. ಆ ಒಬ್ಬರ ಮಾತು, ನಡೆ, ಸಿಟ್ಟು, ಪ್ರೇಮ ಅವರ ಪಾಲಿಗೆ. ಉಳಿದದ್ದೆಲ್ಲ ಸೂತ್ರಧಾರನ ಪಾಲಿಗೆ. ಉಳಿದದ್ದು ಎಂದರೆ ರಾಜ, ರಾಜನ ತಾಯಿ, ಛತ್ರದ ಯಜಮಾನ, ಕಳ್ಳರು, ಕಳ್ಳರನ್ನು ಹಿಡಿಯಲು ಬಂದವರು, ಒಂದು ಕುದುರೆ, ಒಂದು ಮುಂಗೋಪದ ದೆವ್ವ ಮತ್ತು ರಾಜ್ಯದ ಸಮಸ್ತ ಪ್ರಜೆಗಳು. ನಮ್ಮ ಗುಂಪಿನ ಸೂತ್ರಧಾರ ನಾನು. ರಾತ್ರಿ ಹೊತ್ತು ಒಬ್ಬೊಬ್ಬರೂ ಮೊಬೈಲಿನಲ್ಲಿ ಒಂದೊಂದು ಪ್ಯಾರಾ ಬರೆದು ಕಥೆಯನ್ನು ಮುಂದಕ್ಕೆ ತಳ್ಳುತ್ತಾರೆ. ನಾನು ಜನಗಣತಿಯ ಪ್ರಕಾರ ಬರೆಯುತ್ತೇನೆ.

ಈ ಉಳಿದವರನ್ನು ಎನ್‌ಪಿಸಿಗಳು (ನಾನ್-ಪ್ಲೇಯರ್ ಕ್ಯಾರೆಕ್ಟರ್, ಅಂದರೆ ಆಟಗಾರರದ್ದಲ್ಲದ ಪಾತ್ರಗಳು) ಎನ್ನುತ್ತಾರೆ. ಶಾಸ್ತ್ರಪ್ರಕಾರ ಇವರು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಬರಬೇಕು, ಬಾಗಿಲು ತೆರೆಯಬೇಕು, ಹೋಗಬೇಕು. ಶಾಸ್ತ್ರ ಬರೆದವರು ನಮ್ಮ ಆಟಗಾರರನ್ನು ಕಂಡವರಲ್ಲ.

ಕೋಟೆಯ ಬಾಗಿಲಲ್ಲಿ ಒಬ್ಬ ಕಾವಲುಗಾರ ನಿಂತಿದ್ದಾನೆ ಎಂದು ಬರೆದೆ. "ಯಾರು ನೀವು?" ಎಂದು ಕೇಳುವುದಷ್ಟೇ ಅವನ ಹುಟ್ಟಿನ ಉದ್ದೇಶ. ಒಳಗೆ ಮಹಾಮಂತ್ರಿ ಕಾದಿದ್ದ. ಮಹಾಮಂತ್ರಿಗೆ ಬಾಲ್ಯವಿತ್ತು, ಬಾಲ್ಯದಲ್ಲೊಂದು ದುಃಖವಿತ್ತು, ಆ ದುಃಖಕ್ಕೆ ಪುಟಗಟ್ಟಲೆ ಟಿಪ್ಪಣಿಯಿತ್ತು. ನಮ್ಮ ಬಿಲ್ಲುಗಾರ್ತಿ ಒಳಗೆ ಹೋಗಲಿಲ್ಲ. ಕಾವಲುಗಾರನತ್ತ ತಿರುಗಿ, "ನಿಮ್ಮ ಹೆಸರೇನು?" ಎಂದಳು.

ಸೂತ್ರಧಾರರ ಎದೆ ನಡುಗಿಸುವ ಪ್ರಶ್ನೆ ಇದು. ನಿಧಿ ಎಲ್ಲಿದೆ ಎಂದು ಕೇಳಲಿ, ಉತ್ತರವಿದೆ. ರಾಜವಂಶದ ಶಾಪದ ಮೂಲ ಕೇಳಲಿ, ಸಂವತ್ಸರ ಸಹಿತ ಹೇಳಬಹುದು. ಕಾವಲುಗಾರನ ಹೆಸರು ಮಾತ್ರ ಯಾರ ಬಳಿಯೂ ಇರುವುದಿಲ್ಲ. ಹಾಗೆಂದು ಯೋಚಿಸುತ್ತ ಕೂರುವಂತೆಯೂ ಇಲ್ಲ; ತುಸು ತಡವಾದರೆ 'ಹೆಸರು ಮುಚ್ಚಿಡುತ್ತಿದ್ದಾನೆ, ಗೂಢಚಾರನೇ ಇರಬೇಕು' ಎಂಬ ತೀರ್ಮಾನ ಬಂದುಬಿಡುತ್ತದೆ. ಕಣ್ಣಿಗೆ ಬಿದ್ದದ್ದು ಮೇಜಿನ ಮೇಲಿದ್ದ ಚಾರ್ಜರ್. ಕಾವಲುಗಾರ ಚಾರ್ಜನ್ ಆದ. ಮುಂದೆ ಅದೇ ಮೇಜಿನಿಂದ ಅವನ ಹೆಂಡತಿ ಕೇಬಲಾದೇವಿ, ಅಣ್ಣ ಅಡಾಪ್ಟನ್, ಆಸ್ಥಾನದ ಗಾಯಕ ಮೌಸಿಕ ಒಬ್ಬೊಬ್ಬರಾಗಿ ಜನ್ಮ ತಾಳಿದರು. ಯಾರೂ ಅನುಮಾನಿಸಲಿಲ್ಲ. ಮೌಸಿಕ ಎಂಬ ಹೆಸರಿನಲ್ಲಿ ಪ್ರಾಚೀನತೆಯ ಗಾಂಭೀರ್ಯವಿದೆ ಎಂದು ಒಬ್ಬರು ಮೆಚ್ಚಿಯೂ ಬರೆದರು.

ಅನುಭವಸ್ಥರು ಹೇಳುವ ಸೂತ್ರವೊಂದಿದೆ: ಉಪಪಾತ್ರಕ್ಕೆ ಒಂದು ಆಸೆ, ಒಂದು ಭಯ, ಎದ್ದು ಕಾಣುವ ಒಂದು ಅಭ್ಯಾಸ ಕೊಟ್ಟರೆ ಸಾಕು. ಅಕ್ಷರದಲ್ಲೇ ನಡೆಯುವ ಆಟದಲ್ಲಿ ಮುಖವೂ ಇಲ್ಲ, ಧ್ವನಿಯೂ ಇಲ್ಲ. ಯಾರು ಯಾರೆಂದು ತಿಳಿಯುವುದು ಅಭ್ಯಾಸದಿಂದಲೇ. ಅದರಂತೆ ಚಾರ್ಜನ್‌ಗೆ ಕೆಮ್ಮು ಕೊಟ್ಟೆ. ಮಾತಿನ ನಡುವೆ ಸಣ್ಣಗೆ ಕೆಮ್ಮುತ್ತಾನೆ, ಅಷ್ಟೇ.

ಅಷ್ಟೇ ಆಗಲಿಲ್ಲ. ಗುಂಪಿನ ವೈದ್ಯ ತಕ್ಷಣ ನಾಡಿ ಹಿಡಿದ. ಯತ್ನ ಎಷ್ಟು ಫಲಿಸಿತೆಂದು ನೋಡಲು ಇಪ್ಪತ್ತು ಮುಖದ ದಾಳ ಉರುಳಿಸಿದರೆ ಇಪ್ಪತ್ತಕ್ಕೆ ಇಪ್ಪತ್ತು. ಇಪ್ಪತ್ತು ಬಿದ್ದರೆ ಸತ್ಯ ಹೇಳಲೇಬೇಕು. "ಧೂಳಿನಿಂದ ಬಂದ ಕೆಮ್ಮು" ಎಂದು ಸತ್ಯವನ್ನೇ ಹೇಳಿದೆ. ಇಷ್ಟು ದೊಡ್ಡ ಅಂಕಕ್ಕೆ ಇಷ್ಟು ಸಣ್ಣ ಉತ್ತರವೇ? ಹಾಗಾದರೆ ಆ ಧೂಳಿನಲ್ಲೇ ಏನೋ ಇದೆ ಎಂದು ಗುಂಪು ಒಮ್ಮತದಿಂದ ನಿರ್ಧರಿಸಿತು. ಬಾವಿಗಳನ್ನು ಶೋಧಿಸಿದರು. ಹಿಟ್ಟಿನ ಗಿರಣಿಗೆ ಬೀಗ ಹಾಕಿಸಿದರು. ಕೇಬಲಾದೇವಿಯನ್ನು ವಿಚಾರಿಸಿದಾಗ ಅವಳು ಅತ್ತಳು (ಹೆಂಡತಿ ಅಳದೆ ಇನ್ನೇನು ಮಾಡಿಯಾಳು, ಮನೆ ತುಂಬ ಶಸ್ತ್ರಧಾರಿಗಳು), ಆ ಅಳುವಿಗೂ ಒಂದು ಅರ್ಥ ಹಚ್ಚಿದರು. ಕೊನೆಗೆ ಊರಿಗೆ ಸಾಂಕ್ರಾಮಿಕ ತಗುಲಿಸದೆ ಬೇರೆ ದಾರಿ ಉಳಿಯಲಿಲ್ಲ. ಸಾಂಕ್ರಾಮಿಕಕ್ಕೆ ಒಬ್ಬ ಅಪರಾಧಿ ಬೇಕು. ಒಳಗೆ ಕೆಲಸವಿಲ್ಲದೆ ಕೂತಿದ್ದವನು ಮಹಾಮಂತ್ರಿ ಒಬ್ಬನೇ. ಅವನನ್ನು ಹಿಡಿದು ಸೆರೆಗೆ ಹಾಕುವಾಗ "ನನ್ನ ಬಾಲ್ಯದಲ್ಲಿ..." ಎಂದು ಅವನು ಬಾಯಿ ತೆರೆದ. ಬಾಯಿಗೆ ಬಟ್ಟೆ ತುರುಕಿದರು.

ಇದರಲ್ಲಿ ಒಂದು ಲೆಕ್ಕಾಚಾರವಿದೆ ಎಂಬುದು ನನ್ನ ವಾದ. ಮಹಾಮಂತ್ರಿ ನೂರಕ್ಕೆ ನೂರು ಸಿದ್ಧನಾಗಿ ಬಂದವನು. ಅವನಲ್ಲಿ ಆಟಗಾರರು ಸೇರಿಸುವಂಥದ್ದು ಏನೂ ಇಲ್ಲ. ಚಾರ್ಜನ್ ಅರ್ಧವಷ್ಟೇ ನನ್ನವನು. ಉಳಿದರ್ಧವನ್ನು ಅವರೇ ಪ್ರಶ್ನೆ ಕೇಳಿ ಕೇಳಿ ಕಟ್ಟಿದ್ದಾರೆ, ಆದ್ದರಿಂದ ಅವನ ಮೇಲೆ ಅವರಿಗೆ ಹಕ್ಕಿದೆ.

ಹಿಂದೆ ಇದಕ್ಕೆಲ್ಲ ಕಟ್ಟುನಿಟ್ಟಿತ್ತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಆಂಡ್ ಡ್ರ್ಯಾಗನ್ಸ್' ಆಟದಲ್ಲಿ ನಾಯಕನ ವರ್ಚಸ್ಸಿಗೆ ಅಂಕವಿತ್ತು. ಎಷ್ಟು ಅನುಚರರನ್ನು ಇಟ್ಟುಕೊಳ್ಳಬಹುದು, ಅವರ ನಿಷ್ಠೆ ಎಷ್ಟು ಎಂಬುದು ಆ ಅಂಕದ ಮೇಲೆ ನಿಂತಿತ್ತು. 1981ರ ಬೇಸಿಕ್ ಆವೃತ್ತಿ ಇನ್ನೂ ಅನುಕೂಲಕರ. ಅನುಚರನ ಧೈರ್ಯಕ್ಕೂ ಒಂದು ಅಂಕ. ಆರು ಮುಖದ ಎರಡು ದಾಳ ಉರುಳಿಸಿ, ಬಂದ ಮೊತ್ತ ಅದಕ್ಕಿಂತ ಹೆಚ್ಚಾದರೆ ಅವನು ಓಡಿಹೋಗಬೇಕು. ಸೂತ್ರಧಾರನ ಕೈಯಲ್ಲಿ ಪಾಪವಿಲ್ಲ. ಈ ಹಳೆಯ ನಿಯಮದ ಬಲದಿಂದ ಚಾರ್ಜನ್‌ನನ್ನು ಗೌರವಯುತವಾಗಿ ಓಡಿಸಿಬಿಡೋಣವೆಂದು ದಾಳ ಹಾಕಿದೆ. ಹನ್ನೊಂದು ಬಿತ್ತು. ಅವನು ಈಟಿ ಬಿಸಾಡಿ ಓಡಿದ ಎಂದು ಬರೆದೆ. "ಚಾರ್ಜನ್ ಹಾಗೆಲ್ಲ ಓಡುವವನಲ್ಲ" ಎಂದು ಮೂರು ಕಡೆಯಿಂದ ಆಕ್ಷೇಪ ಬಂತು. ಸಹಾಯ ತರಲು ಹೋಗಿದ್ದಾನೆ ಎಂದು ಅವರೇ ತೀರ್ಮಾನಿಸಿ, ಹಿಂದಿರುಗಿ ಬಂದಾಗ ಕೊಡಲೆಂದು ಒಂದು ಪದಕವನ್ನೂ ಮಾಡಿಸಿಟ್ಟರು.

ಉಪಪಾತ್ರಗಳು ತಮ್ಮತಮ್ಮಲ್ಲೇ ಮಾತನಾಡಬೇಕಾಗಿ ಬಂದಾಗಿನ ಗತಿ ಬೇರೆಯೇ. ರಾಜ ಮತ್ತು ರಾಜಮಾತೆಯ ನಡುವೆ ತೆರಿಗೆಯ ಬಗ್ಗೆ ಜಗಳವಿತ್ತು. ಆಟಗಾರರೆಲ್ಲ ಮೌನ ಪ್ರೇಕ್ಷಕರು, ಎರಡೂ ಕಡೆ ನಾನೇ. ಒಂದೂವರೆ ಗಂಟೆ ನನ್ನೊಡನೆ ನಾನು ವಾದಿಸಿದೆ. ರಾಜಮಾತೆ ಗೆದ್ದಳು. ರಾಜನ ಪರವಾಗಿ ಒಂದೊಳ್ಳೆಯ ಉತ್ತರ ಹೊಳೆದದ್ದು ಮರುದಿನ ಸ್ನಾನ ಮಾಡುವಾಗ. ಅಷ್ಟರಲ್ಲಿ ಕಂದಾಯ ಮನ್ನಾ ಆಗಿತ್ತು.

ಇಷ್ಟೆಲ್ಲ ಒಬ್ಬನೇ ಹೊರಲಾರದೆ ಕೆಲವು ಪಾತ್ರಗಳನ್ನು ಸಾರ್ವಜನಿಕ ಆಸ್ತಿ ಎಂದು ಘೋಷಿಸಿದೆ. ಯಾರು ಬೇಕಾದರೂ ಅವರನ್ನು ಮಾತನಾಡಿಸಬಹುದು; ಕೊಲ್ಲುವಂತಿಲ್ಲ, ಮದುವೆ ಮಾಡಿಸುವಂತಿಲ್ಲ. ಕಮ್ಮಾರನನ್ನು ಒಬ್ಬರು ಸಂಜೆ ಮದುವೆ ಮಾಡಿಸಿದರು. ಇನ್ನೊಬ್ಬರು ಹಿಂದಿನದನ್ನು ಓದದೆ ರಾತ್ರಿ ಅವನನ್ನು ಪ್ರವಾಹದಲ್ಲಿ ಕೊಚ್ಚಿಸಿದರು. ಬೆಳಿಗ್ಗೆ ಎದ್ದ ಮೂರನೆಯವರು ಅವನಿಂದ ಕತ್ತಿ ಕೊಂಡು ಚೌಕಾಸಿ ಮಾಡಿದರು. ಕಮ್ಮಾರ ದೆವ್ವವಾದ, ಅದರಿಂದ ವ್ಯಾಪಾರಕ್ಕೇನೂ ಪೆಟ್ಟು ಬೀಳಲಿಲ್ಲ.

ಇಂಥ ಪಾತ್ರಗಳನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ವಹಿಸಬಾರದೇಕೆ ಎಂದು ಒಬ್ಬರು ಸಲಹೆ ಕೊಟ್ಟರು. ರಾತ್ರಿ ಪಾಳಿಯ ಕಾವಲನ್ನು ವಹಿಸಿ ನೋಡಿದೆ. ಮುತ್ತಿಗೆ ಹಾಕಲು ಬಂದ ಶತ್ರುಸೈನ್ಯಕ್ಕೆ ಆ ಕಾವಲುಗಾರ ಪ್ರಶ್ನೆ ಕೇಳಿದ್ದಕ್ಕಾಗಿ ಧನ್ಯವಾದ ಹೇಳಿ, ಕೋಟೆಯನ್ನು ಪ್ರವೇಶಿಸಬಹುದಾದ ಮಾರ್ಗಗಳನ್ನು ಕ್ರಮವಾಗಿ ವಿವರಿಸಿದ. ಕೆಮ್ಮುವ ಚಾರ್ಜನ್‌ನೇ ವಾಸಿ ಎಂದು ಅವನನ್ನು ಪದಕ ಸಹಿತ ವಾಪಸು ಕರೆಸಿಕೊಂಡೆವು.

ಇವೆಲ್ಲಕ್ಕಿಂತ ಕಷ್ಟದ್ದು ಆಟಗಾರರು ನಾಪತ್ತೆಯಾದಾಗ. ಪರೀಕ್ಷೆ, ಮದುವೆ, ಹೊಸ ಕೆಲಸ, ಏನೋ ಒಂದು ಬರುತ್ತದೆ. ಅವರ ನಾಯಕ ಮಾತ್ರ ಕಥೆಯ ನಡುವೆ ಎತ್ತಿದ ಕತ್ತಿಯೊಡನೆ ನಿಂತುಬಿಡುತ್ತಾನೆ. ಅವನೂ ನನ್ನ ತಲೆಗೇ. ಬೇರೆಯವರ ನಾಯಕನ ಬಾಯಲ್ಲಿ ದೊಡ್ಡ ಮಾತು ಹಾಕುವಂತಿಲ್ಲ, ಅವನನ್ನು ಸಾಯಿಸುವಂತೆಯೂ ಇಲ್ಲ. ಹಾಗಾಗಿ ಅಂಥವರೆಲ್ಲ ಎಲ್ಲದಕ್ಕೂ 'ಆಗಲಿ' ಎನ್ನುತ್ತ, ಗುಂಪಿನ ಹಿಂದೆ ಕುದುರೆಗಳ ಲಗಾಮು ಹಿಡಿದು ನಡೆಯುತ್ತಾರೆ. ನಮ್ಮ ಮಹಾಶೂರ ಖಡ್ಗಧಾರಿ ಹೀಗೆ ಎರಡು ರಾಜ್ಯಗಳುದ್ದಕ್ಕೂ ಗಂಟುಮೂಟೆ ಹೊತ್ತ. ಮೊನ್ನೆ ಅವನ ಒಡೆಯರು ಪ್ರತ್ಯಕ್ಷರಾಗಿ, ಹಿಂದಿನದನ್ನೆಲ್ಲ ಕೂತು ಓದಿ, ಹೊತ್ತ ಪ್ರತಿ ಮೂಟೆಗೂ ಬಾಕಿ ಕೂಲಿ ಬೇಕೆಂದು ಅರ್ಜಿ ಸಲ್ಲಿಸಿದ್ದಾರೆ. ಕಾವಲುಗಾರರೂ ಗಾಯಕರೂ ಅವರ ಬೆಂಬಲಕ್ಕೆ ನಿಲ್ಲಲಿ ಎಂದು ಆಟಗಾರರೆಲ್ಲ ಕೈಯೆತ್ತಿದರು. ಚಾರ್ಜನ್ ಸಂಘದ ಅಧ್ಯಕ್ಷನಾದ. ಅರ್ಜಿ ಪರಿಶೀಲಿಸಬೇಕಾದ ಖಜಾಂಚಿ ನಾನು, ಧರಣಿ ಕೂತ ಅಧ್ಯಕ್ಷನೂ ನಾನು, ರಾಜಿಗೆ ಬಂದ ರಾಜಮಾತೆಯೂ ನಾನೇ. ಖಜಾಂಚಿ ಜಿಪುಣ. ಅಧ್ಯಕ್ಷ ಕೆಮ್ಮುತ್ತಾನೆಯೇ ಹೊರತು ಪಟ್ಟು ಬಿಡುವುದಿಲ್ಲ. ನಿನ್ನೆ ರಾತ್ರಿ ಮಾತುಕತೆ ಮುರಿದುಬಿತ್ತು. ಇವತ್ತು ಊಟವಾದ ಮೇಲೆ ಮತ್ತೆ ಕೂರಬೇಕು.