ಕೋಟಿಗೆ ಸಲಾಂ

ಮರ್ನೌ ನಿರ್ದೇಶನದ 1924ರ ಜರ್ಮನ್ ಮೂಕಿ 'ದಿ ಲಾಸ್ಟ್ ಲಾಫ್' ನೋಡಿದವರೆಲ್ಲ ಅಟ್ಲಾಂಟಿಕ್ ಹೋಟೆಲಿನ ಮ್ಯಾನೇಜರನ್ನು ಬೈಯುತ್ತಾರೆ. ಪಾಪ, ಅವನದೇನು ತಪ್ಪು ಹೇಳಿ? ಬಾಗಿಲು ಕಾಯುವ ಮುದುಕ ಮಳೆಯಲ್ಲಿ ಭಾರದ ಟ್ರಂಕು ಇಳಿಸಿ, ಏದುಸಿರು ಬಿಡುತ್ತಾ ಒಂದು ಗಳಿಗೆ ಕೂತ. ಮ್ಯಾನೇಜರ್ ಕಣ್ಣಿಗೆ ಬಿದ್ದದ್ದು ಕೂತದ್ದು ಮಾತ್ರ.

ಮರುದಿನ ಕೈಗೆ ಪತ್ರ. ಕೆಲಸದಿಂದ ತೆಗೆದಿಲ್ಲ, ಛೆ ಛೆ, ಅಷ್ಟು ಕಟುಕರೇನಲ್ಲ. ಇಷ್ಟು ವರ್ಷ ದುಡಿದಿದ್ದೀರಿ ಅಂತ ಬೇರೆ ಜಾಗ ಕೊಟ್ಟಿದ್ದಾರೆ: ಕೆಳಗಡೆ ಗಂಡಸರ ಶೌಚಾಲಯದಲ್ಲಿ ಟವೆಲ್ ಹಿಡಿದು ನಿಲ್ಲುವ ಕೆಲಸ. ಅಲ್ಲಿದ್ದ ಎಲ್ಲರಿಗಿಂತ ಹಳೆಯ ನೌಕರನನ್ನು ಅವತ್ತೇ ವೃದ್ಧಾಶ್ರಮಕ್ಕೆ ಸೇರಿಸಿ ಜಾಗ ಖಾಲಿ ಮಾಡಿಸಿದ್ದಾರೆ. ನೋಡಿ, ಸೇವಾ ಹಿರಿತನದ ಮೇಲೆಯೇ ಆದ ವರ್ಗಾವಣೆ! ಯಾವ ಆಡಿಟ್‌ನವರೂ ತಕರಾರು ತೆಗೆಯುವ ಹಾಗಿಲ್ಲ.

ಆಮೇಲೆ ಕೋಟು ಬಿಚ್ಚಿಸುತ್ತಾರೆ. ಹೊಳೆಯುವ ಗುಂಡಿ, ಭುಜದ ಮೇಲೆ ಜರಿ, ಸೇನಾಪತಿಗೂ ಹೊಟ್ಟೆಕಿಚ್ಚು ಬರುವಂಥ ಕೋಟು ಅದು. ಎಳೆದಾಟದಲ್ಲಿ ಒಂದು ಗುಂಡಿ ಕಿತ್ತು ಬೀಳುತ್ತದೆ. ಮುದುಕನ ಪಾತ್ರದಲ್ಲಿ ಕೋಟಿನ ಒಳಗಿದ್ದ ನಟ ಎಮಿಲ್ ಯಾನಿಂಗ್ಸ್‌ಗೆ ಆಗ ಬರೀ 40 ವಯಸ್ಸು, ಆದರೆ ಅದು ಮೈಮೇಲಿಂದ ಹೋದ ಕ್ಷಣವೇ ಬೆನ್ನು ಬಾಗಿ ಎಪ್ಪತ್ತಾಗುತ್ತದೆ. ಕೋಟು ಹೋಯಿತು, ಮನುಷ್ಯನೂ ಹೋದ. ಅಷ್ಟು ವರ್ಷ ಹೋಟೆಲಿನವರು ಯಾರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು ಅಂತ ಆಗಲೇ ಗೊತ್ತಾಗುವುದು.

ಇನ್ನು ವಠಾರದವರು. ಇವರದು ಬಿಡಿ, ಬಲು ಶಿಸ್ತು. ಮುದುಕ ಕದ್ದು ತಂದ ಅದೇ ಕೋಟು ಹಾಕಿಕೊಂಡು ಮನೆಗೆ ಬಂದರೂ ಸಲಾಂ, ಮದುವೆ ಊಟದಲ್ಲಿ ಮರ್ಯಾದೆ. ಊಟ ತಂದ ಹೆಂಗಸು ಶೌಚಾಲಯದಲ್ಲಿ ಅವನನ್ನು ಕಂಡು ಕಿರುಚಿ ಓಡಿದ ಮೇಲೆ, ಕಿಟಕಿ ಕಿಟಕಿಗೂ ಸುದ್ದಿ ಹಬ್ಬಿ ಇಡೀ ವಠಾರ ಹಲ್ಲು ಕಿಸಿಯುತ್ತದೆ. ಸಂಜೆ ಬಂದದ್ದು ಅದೇ ಮುದುಕ, ಅದೇ ಮೀಸೆ, ಹಾಕಿಕೊಂಡದ್ದೂ ಅದೇ ಕೋಟು! ಆದರೆ ಈಗ ಕೋಟಿಗೆ ಹೋಟೆಲಿನ ಅನುಮತಿ ಇಲ್ಲವಲ್ಲ, ಸಲಾಂ ಹೊಡೆಯೋದು ಹೇಗೆ? ನಿಯಮ ಅಂದ್ರೆ ನಿಯಮ.

ಮೂಕಿಗಳಲ್ಲಿ ನಡುನಡುವೆ ಬರುವ ಅಕ್ಷರದ ಫಲಕವೇ ಇಲ್ಲದೆ ಸಾಗುವ ಚಿತ್ರ ಇಲ್ಲಿ ಒಂದೇ ಒಂದು ಫಲಕ ಹಾಕಿ, ನಿಜಜೀವನದಲ್ಲಾದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು, ಲೇಖಕನಿಗೆ ಕನಿಕರ ಬಂತು ಅನ್ನುತ್ತದೆ. ಅಮೆರಿಕದ ಕೋಟ್ಯಧಿಪತಿಯೊಬ್ಬ ಶೌಚಾಲಯದಲ್ಲಿ ಮುದುಕನ ತೋಳಿನಲ್ಲೇ ಸಾಯುತ್ತಾನೆ. ಯಾರ ತೋಳಿನಲ್ಲಿ ಸತ್ತರೆ ಅವರಿಗೇ ಆಸ್ತಿ ಅಂತ ಉಯಿಲು. ಇದನ್ನು ಅಸಂಭವ ಅಂತ ನಕ್ಕವರು ಸ್ವಲ್ಪ ಕ್ಯಾಲೆಂಡರ್ ನೋಡಬೇಕು. ಹಿಂದಿನ ವರ್ಷವಷ್ಟೇ ಜರ್ಮನಿಯ ಹಣ ಮಾರ್ಕ್ ಕಸಕ್ಕಿಂತ ಕಡೆಯಾಗಿತ್ತು, ಚಿತ್ರ ಬಂದ ವರ್ಷವೇ, ಯುದ್ಧ ಪರಿಹಾರದ ಕಂತು ಹಗುರ ಮಾಡಿದ ಡಾಸ್ ಯೋಜನೆಯಲ್ಲಿ ಅಮೆರಿಕದ ಸಾಲ ಬಂದು ದೇಶ ಉಸಿರಾಡಿತು. ದೇಶಕ್ಕೇ ಡಾಲರ್ ಗತಿ ಆದಾಗ ಮುದುಕನಿಗೆ ಬೇರೆ ಪಿಂಚಣಿ ಎಲ್ಲಿಂದ ಬರಬೇಕು?

ಈಗ ಅದೇ ಹೋಟೆಲಿನಲ್ಲಿ ಮುದುಕ ಮೇಜಿನ ತುಂಬ ತಿಂಡಿ ಹರಡಿಕೊಂಡು ತಿನ್ನುತ್ತಾನೆ, ನೌಕರರು ಸಾಲಾಗಿ ನಿಂತು ಟಿಪ್ಸ್ ತೆಗೆದುಕೊಳ್ಳುತ್ತಾರೆ. ಜರಿ ಕೋಟು ಮೈಮೇಲಿಲ್ಲ, ಯಾರೂ ಅದನ್ನು ಕೇಳುವುದೂ ಇಲ್ಲ.