ಬುದ್ಧಿಗೆ ಮಾತ್ರೆಯೋ, ಗಮ್ಮಿಯೋ, ತಂಬುಳಿಯೋ

ನ್ಯೂಜೆರ್ಸಿಯಿಂದ ಶಿರಸಿಯ ಕಡೆಗೆ ಹೊರಡುವವರ ಸೂಟ್‌ಕೇಸಿನಲ್ಲಿ ಒಂದು ಕಾಲಕ್ಕೆ ಬಾದಾಮಿ, ಚಾಕೊಲೇಟು, ಶಾಂಪೂ ಇರುತ್ತಿದ್ದವು. ಈಗ ಅವುಗಳ ನಡುವೆ ಮಿದುಳಿನ ಚಿತ್ರವಿರುವ ಪ್ಲಾಸ್ಟಿಕ್ ಡಬ್ಬಿಗಳೂ ಸೇರಿಕೊಂಡಿವೆ. "ತಮ್ಮಾ, ಬರುವಾಗ ನೆನಪಿನ ಶಕ್ತಿಯ ಗುಳಿಗೆ ಎರಡು ಡಬ್ಬಿ ತಂದುಕೊಡು, ಅಲ್ಲಿಯದು ಚೆನ್ನಾಗಿರುತ್ತದಂತೆ" ಎಂದು ಊರಿನ ಹಿರಿಯರು ಫೋನಿನಲ್ಲಿ ಕೇಳುತ್ತಾರೆ. ಅತ್ತಲಿಂದ ಇಲ್ಲಿಗೆ, ಅಮೆರಿಕಕ್ಕೆ, ಬರುವ ತಂದೆತಾಯಂದಿರ ಚೀಲದಲ್ಲಿ ಸಾರಸ್ವತಾರಿಷ್ಟ, ಬ್ರಾಹ್ಮಿ ಚೂರ್ಣ ಬರುತ್ತವೆ. ಎರಡೂ ಕಡೆಯವರು ಚರ್ಚಿಸುವುದು ಒಂದೇ ವಿಷಯ: ಕ್ಯಾಪ್ಸೂಲ್ ಒಳ್ಳೆಯದೋ, ಪುಡಿಯೋ, ಚಪ್ಪರಿಸುವ ಮಿಠಾಯಿಯಂಥ ಗಮ್ಮಿಯೋ? ಮೈಯಲ್ಲಿ ಏನಾದರೂ ಕಡಿಮೆ ಇದೆಯೇ, ಇದ್ದರೆ ಯಾವುದು ಎಂದು ಮೊದಲು ಕೇಳುವವರು ಕಡಿಮೆ. ಆ ಪ್ರಶ್ನೆಗೆ ಉತ್ತರ ಸಿಕ್ಕರೆ ರೂಪದ ಆಯ್ಕೆ ಬಹುತೇಕ ತಾನಾಗಿಯೇ ಆಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿಯ ಔಷಧದ ಅಂಗಡಿಗಳಲ್ಲಿ ಮಿದುಳಿನ ಆರೋಗ್ಯಕ್ಕೆಂದೇ ಒಂದು ಕಪಾಟು ಇರುತ್ತದೆ. ಕ್ಯಾಪ್ಸೂಲ್, ನೀರಿಗೆ ಬೆರೆಸುವ ಪುಡಿ, ನಾಲಿಗೆಯಡಿ ಇಡುವ ಮಾತ್ರೆ, ಹನಿ, ಸ್ಪ್ರೇ, ಗಮ್ಮಿ, ಅಣಬೆಯ ಸಾರ ಬೆರೆಸಿದ ಕಾಫಿ ಪುಡಿ ಕೂಡ. ಇವೆಲ್ಲ ಸರಕಾರದ ಒಪ್ಪಿಗೆ ಪಡೆದು ಬಂದಿವೆ ಎಂದು ನಮ್ಮವರು ನಂಬುತ್ತಾರೆ; ಅದು ನಿಜವಲ್ಲ. 1994ರಲ್ಲಿ ಬಂದ ಇಲ್ಲಿಯ ಕಾನೂನಿನ ಪ್ರಕಾರ ಇಂಥ ಪೂರಕಗಳು ಮಾರುಕಟ್ಟೆಗೆ ಬರುವ ಮುನ್ನ ಪರಿಣಾಮಕಾರಿ ಎಂದು ಸಾಬೀತುಪಡಿಸಬೇಕಿಲ್ಲ. ಅದಕ್ಕೇ ಡಬ್ಬಿಯ ಹಿಂಬದಿಯಲ್ಲಿ ಒಂದು ವಾಕ್ಯ ಸಣ್ಣ ಅಕ್ಷರದಲ್ಲಿ ಇರುತ್ತದೆ: ಈ ಹೇಳಿಕೆಯನ್ನು ಆಹಾರ ಮತ್ತು ಔಷಧ ಆಡಳಿತ ಪರಿಶೀಲಿಸಿಲ್ಲ, ಈ ಉತ್ಪನ್ನ ಯಾವ ರೋಗವನ್ನೂ ಗುಣಪಡಿಸಲು ಅಥವಾ ತಡೆಯಲು ಉದ್ದೇಶಿಸಿದ್ದಲ್ಲ. ಅದರ ಮೇಲೆಯೇ ಇರುವ ಪಟ್ಟಿಯನ್ನೂ ಓದಬೇಕು. ಎಂಟೋ ಹತ್ತೋ ಗಿಡಮೂಲಿಕೆಗಳ ಹೆಸರು ಕೊಟ್ಟು, ಎಲ್ಲ ಸೇರಿ ಇಷ್ಟು ಮಿಲಿಗ್ರಾಂ ಎಂದು ಒಂದೇ ಅಂಕಿ ಬರೆದಿದ್ದರೆ, ಯಾವುದು ಎಷ್ಟಿದೆ ಎಂದು ಕೊಳ್ಳುವವನಿಗೆ ತಿಳಿಯುವ ದಾರಿಯೇ ಇಲ್ಲ. ಅಂಥ ಡಬ್ಬಿ ಎಷ್ಟೇ ಅಂದವಾಗಿರಲಿ, ನಾನು ಯಾರಿಗೂ ತೆಗೆದುಕೊಡುವುದಿಲ್ಲ.

ಟಿ.ವಿ. ಜಾಹೀರಾತಿನಿಂದ ಇಲ್ಲಿಯ ಹಿರಿಯರೆಲ್ಲರಿಗೂ ಪರಿಚಿತವಾದ ಪ್ರೆವಜೆನ್ ಎಂಬ ಕ್ಯಾಪ್ಸೂಲ್ ಇದೆ. ಅಂಬಲಿ ಮೀನಿನಲ್ಲಿ (ಜೆಲ್ಲಿಫಿಶ್) ಮೊದಲು ಕಂಡ ಒಂದು ಪ್ರೋಟೀನು ಅದರ ಮುಖ್ಯ ಅಂಶ. ಅದರ ತಯಾರಕರ ಮೇಲೆ 2017ರಲ್ಲಿ ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಮೊಕದ್ದಮೆ ಹೂಡಿದರು. ನೆನಪು ಹೆಚ್ಚುತ್ತದೆ ಎಂಬ ಪ್ರಚಾರವನ್ನು ನಿಲ್ಲಿಸುವಂತೆ ನ್ಯಾಯಾಲಯದ ಆದೇಶ ಬಂದದ್ದು 2024ರ ಕೊನೆಗೆ. ಅಷ್ಟೂ ವರ್ಷ ಅದು ಮಾರಾಟವಾಗುತ್ತಲೇ ಇತ್ತು. ಗಿಂಕೊ ಎಂಬ ಮರದ ಎಲೆಯ ಸಾರದ್ದೂ ಆಶಾದಾಯಕ ಕತೆಯಲ್ಲ. 75 ದಾಟಿದ 3069 ಜನರ ಮೇಲೆ ಸುಮಾರು ಆರು ವರ್ಷ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2008ರಲ್ಲಿ ಬಂತು. ಮರೆಗುಳಿ ರೋಗವನ್ನು ತಡೆಯಲು ಗಿಂಕೊಗೆ ಆಗಲಿಲ್ಲ.

ಗಮ್ಮಿಯ ವಿಷಯದಲ್ಲಿ ನನಗೆ ನಿಜವಾಗಿಯೂ ಸಿಟ್ಟಿದೆ. ಸಕ್ಕರೆಯ ಅಂಟಿನಲ್ಲಿ ಜೀವಸತ್ವವನ್ನು ಅಳತೆ ತಪ್ಪದಂತೆ ಕೂಡಿಸಿ, ಅದು ತಿಂಗಳುಗಟ್ಟಲೆ ಕೆಡದಂತೆ ಇಡುವುದು ಕಷ್ಟದ ಕೆಲಸ. 2023ರಲ್ಲಿ ಅಮೆರಿಕದಲ್ಲಿ ನಿದ್ರೆಗೆಂದು ಮಾರುವ 25 ಮೆಲಟೋನಿನ್ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಲೇಬಲ್ಲಿನ ಅಳತೆಗೂ ಒಳಗಿದ್ದ ಅಳತೆಗೂ ಹೊಂದಿಕೆ ಇರಲಿಲ್ಲ. ಒಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ. ಮಕ್ಕಳು ಅದನ್ನು ಮಿಠಾಯಿ ಎಂದುಕೊಂಡು ಮುಷ್ಟಿ ತುಂಬ ತಿನ್ನುವ ಅಪಾಯ ಬೇರೆ. ಸಸ್ಯಾಹಾರಿಗಳು ಇನ್ನೊಂದನ್ನು ಗಮನಿಸಬೇಕು: ಅನೇಕ ಗಮ್ಮಿಗಳಲ್ಲಿಯೂ ಮೆತ್ತನೆಯ ಕ್ಯಾಪ್ಸೂಲ್‌ಗಳಲ್ಲಿಯೂ ಇರುವ ಜೆಲಾಟಿನ್ ದನ ಅಥವಾ ಹಂದಿಯ ಚರ್ಮ, ಮೂಳೆಗಳಿಂದ ಬರುತ್ತದೆ. ಊರಿನಲ್ಲಿ ಮಡಿಯಿಂದ ಅಡುಗೆ ಮಾಡುವ ಅತ್ತೆಗೆ ಅದನ್ನು ಹೇಳದೆ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ. ಹಣ್ಣಿನಿಂದ ತೆಗೆಯುವ ಪೆಕ್ಟಿನ್‌ನಿಂದ ಮಾಡಿದವೂ ಇವೆ, ಓದಿ ಕೊಳ್ಳಬೇಕು ಅಷ್ಟೇ.

ಇನ್ನು ನಮ್ಮ ದಾರಿ. ಉತ್ತರ ಕನ್ನಡದ ಮನೆಗಳಲ್ಲಿ ಮಕ್ಕಳ ಪರೀಕ್ಷೆ ಹತ್ತಿರ ಬಂದರೆ ಒಂದೆಲಗದ ತಂಬುಳಿ ತಪ್ಪುವುದಿಲ್ಲ. ತೋಟದ ತಂಪು ಜಾಗದಲ್ಲಿ ಹಬ್ಬಿದ ಎಲೆಯನ್ನು ಕಿತ್ತು ಮಣ್ಣು ಹೋಗುವಂತೆ ತೊಳೆದು, ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಕಾಯಿತುರಿಯೊಂದಿಗೆ ನುಣ್ಣಗೆ ಅರೆದು ಮಜ್ಜಿಗೆಗೆ ಬೆರೆಸಿದರೆ ಆಯಿತು. ಬಿಸಿ ಅನ್ನಕ್ಕೆ ಮೊದಲು ಬಡಿಸುವುದು ಅದನ್ನೇ. ಇಲ್ಲಿಯೂ ಅದೇ ಎಲೆ ವಿಯೆಟ್ನಾಮಿನವರ ತರಕಾರಿ ಅಂಗಡಿಯಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ. ಅವರು ಪಾನಕ ಮಾಡಿ ಕುಡಿಯುತ್ತಾರೆ, ಶ್ರೀಲಂಕಾದವರು ಹೆಚ್ಚಿ ಕಾಯಿತುರಿ ಬೆರೆಸಿ ತಿನ್ನುತ್ತಾರೆ. ಒಂದೆಲಗ ನೆನಪು ಹೆಚ್ಚಿಸುತ್ತದೆ ಎಂದು ಖಚಿತವಾಗಿ ಹೇಳುವಷ್ಟು ಪುರಾವೆ ಇಲ್ಲ. ಆದರೂ ನಾನು ತಂಬುಳಿಯ ಪರ. ಅದು ಊಟ. ಸೊಪ್ಪು, ಮಜ್ಜಿಗೆ ಹೊಟ್ಟೆಗೆ ಹೋಗುತ್ತವೆ, ಮನೆಮಂದಿ ಒಟ್ಟಿಗೆ ಕೂತು ಉಣ್ಣುತ್ತಾರೆ, ಅದರಿಂದ ಯಾರಿಗೂ ಮೋಸವಿಲ್ಲ.

ನಮ್ಮಲ್ಲಿ ಒಂದೆಲಗವನ್ನೂ ಬ್ರಾಹ್ಮಿ ಎನ್ನುತ್ತಾರೆ. ಆದರೆ ಇಲ್ಲಿಯ ಕಪಾಟಿನಲ್ಲಿ ಬ್ರಾಹ್ಮಿ ಎಂದು ಸಿಗುವ ಕ್ಯಾಪ್ಸೂಲ್ ಬಹುಮಟ್ಟಿಗೆ ಬೇರೆಯೇ ಗಿಡದ್ದು, ನೀರುಬ್ರಾಹ್ಮಿಯದ್ದು. ಲೇಬಲ್ಲಿನಲ್ಲಿ ಬಕೋಪಾ ಎಂದು ಇರುತ್ತದೆ. ಅದರ ಮೇಲೆ ತಕ್ಕಮಟ್ಟಿನ ಪ್ರಯೋಗಗಳು ನಡೆದಿವೆ. 2008ರಲ್ಲಿ ಪ್ರಕಟವಾದ, ಒರೆಗಾನ್‌ನ ಪೋರ್ಟ್‌ಲ್ಯಾಂಡಿನ ಪ್ರಯೋಗದಲ್ಲಿ 65 ದಾಟಿದ 54 ಜನ ಇದ್ದರು. ದಿನಕ್ಕೆ 300 ಮಿಲಿಗ್ರಾಂ ಸಾರವನ್ನು 12 ವಾರ ತೆಗೆದುಕೊಂಡವರು, ಕೇಳಿದ ಪದಗಳನ್ನು ಸ್ವಲ್ಪ ಹೊತ್ತಿನ ನಂತರ ನೆನಪಿಸಿಕೊಳ್ಳುವುದರಲ್ಲಿ ಉಳಿದವರಿಗಿಂತ ಮುಂದಿದ್ದರು. ಕೆಲವರಿಗೆ ಹೊಟ್ಟೆ ಕೆಟ್ಟಿತು. ಸಣ್ಣ ಪ್ರಯೋಗ, ಸಣ್ಣ ಲಾಭ. ಬೇಕೇಬೇಕು ಎನ್ನುವವರಿಗೆ ಅಳತೆ ಗೊತ್ತಿರುವ ಸಾರದ ಕ್ಯಾಪ್ಸೂಲೇ ವಾಸಿ, ಏಕೆಂದರೆ ಪರೀಕ್ಷೆಗೊಳಗಾದದ್ದು ಆ ರೂಪ.

ಚೂರ್ಣದ ವಿಷಯಕ್ಕೆ ಬಂದರೆ ನನ್ನ ದನಿ ಗಡುಸಾಗುತ್ತದೆ. 2008ರಲ್ಲಿ ಬಾಸ್ಟನ್ನಿನ ಸಂಶೋಧಕರು ಅಂತರ್ಜಾಲದಲ್ಲಿ ಮಾರಾಟವಾಗುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ, ಐದರಲ್ಲಿ ಒಂದರಷ್ಟು ಉತ್ಪನ್ನಗಳಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇರುವುದನ್ನು ಕಂಡರು. ಅವುಗಳಲ್ಲಿ ಅಮೆರಿಕದಲ್ಲಿ ತಯಾರಾದವೂ ಇದ್ದವು, ಭಾರತದಲ್ಲಿ ತಯಾರಾದವೂ ಇದ್ದವು. ಸೀಸ ಮಗುವಿನ ಮಿದುಳಿಗೆ ಮಾಡುವ ಹಾನಿ ಸರಿಪಡಿಸಲಾಗದ್ದು. ಬುದ್ಧಿ ಚುರುಕಾಗಲಿ ಎಂದು ಪ್ರೀತಿಯಿಂದ ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸುವ ಪುಡಿಯಲ್ಲಿ ಅದು ಇರಬಹುದು ಎಂದರೆ, ಯಾರು ತಯಾರಿಸಿದರು, ಯಾವ ಪ್ರಯೋಗಾಲಯದಲ್ಲಿ ಪರೀಕ್ಷೆಯಾಯಿತು ಎಂದು ತಿಳಿಯದ ಪೊಟ್ಟಣವನ್ನು ಮನೆಯೊಳಗೆ ತರಲೇಬಾರದು.

ಹಾಗಾದರೆ ನಮ್ಮವರಿಗೆ ನಿಜವಾಗಿ ಬೇಕಾದದ್ದು ಯಾವುದು? ಬಹಳ ಸಲ ಅದು ಬಿ12 ಎಂಬ ಜೀವಸತ್ವ. ಸಸ್ಯಗಳಲ್ಲಿ ನಂಬಿಕೆಗೆ ತಕ್ಕ ಬಿ12 ಇಲ್ಲ. ಹಾಲು ಮೊಸರಿನಿಂದ ಸ್ವಲ್ಪ ಸಿಗುತ್ತದೆ; ವಯಸ್ಸಾದಂತೆ ಹೊಟ್ಟೆಯ ಆಮ್ಲ ಕಡಿಮೆಯಾಗಿ ಅದೂ ಸರಿಯಾಗಿ ಹೀರಿಕೆಯಾಗುವುದಿಲ್ಲ. ಎದೆಯುರಿಗೆಂದು ವರ್ಷಗಟ್ಟಲೆ ಆಮ್ಲ ತಗ್ಗಿಸುವ ಮಾತ್ರೆ ನುಂಗುವವರಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಕೊರತೆ ಇನ್ನೂ ಹೆಚ್ಚು. ಅಂಗಾಲು ಜೋಮು ಹಿಡಿಯುವುದು, ನಡೆಯುವಾಗ ತೂರಾಡುವುದು, ಹೆಸರು ಮರೆಯುವುದು, ಸುಮ್ಮನೆ ಮಂಕಾಗಿರುವುದು, ಇವನ್ನೆಲ್ಲ ನಾವು ವಯಸ್ಸಿನ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ಒಂದು ರಕ್ತಪರೀಕ್ಷೆ ಸಾಕು. ಬೇಗ ಗೊತ್ತಾದರೆ ಇವು ಬಹುಮಟ್ಟಿಗೆ ಹಿಂದೆ ಸರಿಯುತ್ತವೆ, ತಡವಾದರೆ ನರದ ಹಾನಿ ಉಳಿದುಬಿಡಬಹುದು.

ರೂಪದ ಪ್ರಶ್ನೆಗೆ ನಿಜವಾದ ಅರ್ಥ ಬರುವುದು ಇಲ್ಲಿಯೇ. ಊರಿನಲ್ಲಿ ಬಿ12 ಎಂದರೆ ಇಂಜೆಕ್ಷನ್. ಸೂಜಿ ಚುಚ್ಚಿದರೇನೇ ಔಷಧ ಎಂಬ ನಂಬಿಕೆ ಜನರಲ್ಲಿಯೂ ಇದೆ, ಕೆಲವು ವೈದ್ಯರಲ್ಲಿಯೂ ಇದೆ. ಇಲ್ಲಿ ನಾಲಿಗೆಯಡಿಯ ಮಾತ್ರೆ ಮತ್ತು ಸ್ಪ್ರೇಗಳ ಜಾಹೀರಾತು ಜೋರು. ದಿನಕ್ಕೆ ಬೇಕಾಗುವುದು ಅಮೆರಿಕದ ಲೆಕ್ಕದಲ್ಲಿ 2.4 ಮೈಕ್ರೋಗ್ರಾಂ ಮಾತ್ರ. 1000 ಮೈಕ್ರೋಗ್ರಾಂ ಮಾತ್ರೆ ನುಂಗಿದರೆ, ಹೊಟ್ಟೆಯ ಸಹಾಯವಿಲ್ಲದೆಯೂ ಸುಮಾರು ನೂರಕ್ಕೆ ಒಂದು ಪಾಲು ಕರುಳಿನ ಮೂಲಕ ತಾನಾಗಿಯೇ ಒಳಗೆ ಹೋಗುತ್ತದೆ. ಅದೇ 10 ಮೈಕ್ರೋಗ್ರಾಂ ಆಯಿತು. ನಾಲಿಗೆಯಡಿ ಇಟ್ಟರೂ ನುಂಗಿದರೂ ಫಲಿತಾಂಶ ಒಂದೇ ಎಂದು ಹೋಲಿಕೆಗಳು ತೋರಿಸಿವೆ. ಆದ್ದರಿಂದ ಹೆಚ್ಚಿನವರಿಗೆ ಸಾದಾ ಮಾತ್ರೆ ಸಾಕು. ನರದ ತೊಂದರೆ ಜೋರಾಗಿದ್ದರೆ, ತೀವ್ರ ಕೊರತೆ ಇದ್ದರೆ ಇಂಜೆಕ್ಷನ್ನೇ ಮೊದಲು, ಅದನ್ನು ವೈದ್ಯರು ನಿರ್ಧರಿಸಬೇಕು.

ಮಾತ್ರೆಯ ವಿಷಯದಲ್ಲಿ ನಮ್ಮ ಊರಿನ ಪದ್ಧತಿಯೇ ಮೇಲು ಎಂದು ನಾನು ಹೇಳುತ್ತೇನೆ. ಅಮೆರಿಕದ ನೂರು ಇನ್ನೂರು ಗುಳಿಗೆಗಳ ಡಬ್ಬಿಯನ್ನು ಆಷಾಢದ ಶಿರಸಿಯಲ್ಲಿ ತೆರೆದಿಟ್ಟು ನೋಡಿ. ಒಂದೆರಡು ವಾರದಲ್ಲಿ ಕ್ಯಾಪ್ಸೂಲ್‌ಗಳು ತೇವಕ್ಕೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ, ಗಮ್ಮಿಗಳೆಲ್ಲ ಸೇರಿ ಒಂದೇ ಮುದ್ದೆ. ಕೆಲವು ಡಬ್ಬಿಗಳ ಮುಚ್ಚಳವನ್ನು ಒತ್ತಿಕೊಂಡೇ ತಿರುಗಿಸಬೇಕು. ಬೆರಳಿನ ಗಂಟು ನೋಯುವ ಆಯಿಗೆ ಅದು ಆಗದು. ನಮ್ಮ ಮೆಡಿಕಲ್ ಶಾಪಿನ ಸ್ಟ್ರಿಪ್ಪಿನಲ್ಲಿ ಪ್ರತಿ ಮಾತ್ರೆಗೂ ಅದರದೇ ಮುಚ್ಚಳ. ಇವತ್ತಿನದು ನುಂಗಿದ್ದಾಯಿತೇ ಇಲ್ಲವೇ ಎಂದು ಎಣಿಸಿ ನೋಡಬಹುದು. ಮರೆವಿನ ಭಯ ಇರುವವರಿಗೆ ಇದು ಸಣ್ಣ ಅನುಕೂಲವಲ್ಲ. ಸ್ಟ್ರಿಪ್ ಕೊಳ್ಳುವಾಗಲೂ ಒಂದು ಎಚ್ಚರ ಬೇಕು: ಬಿ12ರ ಜೊತೆ ಬೇರೆ ನಾಲ್ಕೈದು ಔಷಧ ಬೆರೆಸಿದ ಮಾತ್ರೆಗಳು ನಮ್ಮಲ್ಲಿ ಬಹಳ. ಅಂಥವುಗಳಲ್ಲಿ ಹಲವು ಸಲ ಇರುವ ಬಿ6 ಜೀವಸತ್ವ ಅತಿಯಾಗಿ ದೀರ್ಘಕಾಲ ಸೇರಿದರೆ ಅದೇ ನರಗಳಿಗೆ ಪೆಟ್ಟು ಕೊಡುತ್ತದೆ.

ಮೀನೆಣ್ಣೆಯಲ್ಲಿರುವ ಒಮೆಗಾ-3 ಎಂಬ ಕೊಬ್ಬಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಣ್ಣಿನ ತೊಂದರೆಯಿದ್ದ ಸುಮಾರು 3500 ಹಿರಿಯರ ಮೇಲೆ ಐದು ವರ್ಷ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಮೆಗಾ-3 ಗುಳಿಗೆಯಿಂದ ನೆನಪಿಗೆ ಲಾಭ ಕಾಣಲಿಲ್ಲ. ಸಸ್ಯಾಹಾರಿಗೆ ಬೇಕೆನಿಸಿದರೆ ಪಾಚಿಯಿಂದ ತೆಗೆದ ಎಣ್ಣೆ ಇದೆ. ಅಗಸೆ ಚಟ್ನಿಪುಡಿಯಲ್ಲಿರುವ ಒಮೆಗಾ-3 ಮೈಯಲ್ಲಿ ಮಿದುಳಿಗೆ ಬೇಕಾದ ಡಿಎಚ್ಎ ಎಂಬ ರೂಪಕ್ಕೆ ಬದಲಾಗುವುದು ತೀರಾ ಕಡಿಮೆ, ಆದರೆ ರೊಟ್ಟಿಯ ಜೊತೆ ಅದು ರುಚಿ, ತಿನ್ನುವುದಕ್ಕೆ ಬೇರೆ ಕಾರಣ ಬೇಡ. ಮಲ್ಟಿವಿಟಮಿನ್ ಪರವಾಗಿ ಒಂದು ಮಾತು ಹೇಳಬೇಕು. 60 ದಾಟಿದವರ ಮೇಲೆ ನಡೆದ ಕಾಸ್ಮೋಸ್ ಎಂಬ ಅಧ್ಯಯನದ ಫಲಿತಾಂಶಗಳು 2022ರಿಂದ ಬರತೊಡಗಿದವು. ದಿನಕ್ಕೊಂದು ಸಾದಾ ಮಾತ್ರೆಯಿಂದ ನೆನಪಿನ ಪರೀಕ್ಷೆಗಳಲ್ಲಿ ಅಲ್ಪ ಲಾಭ ಕಂಡಿತು. ಅದಕ್ಕೆ ಮುಂಚೆ ಪುರುಷ ವೈದ್ಯರ ಮೇಲೆಯೇ ನಡೆದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಲಾಭ ಕಂಡಿರಲಿಲ್ಲ. ಊಟ ಸೇರದ ಹಿರಿಯರಿಗೆ ಅದನ್ನು ಕೊಡುವುದರಲ್ಲಿ ತಪ್ಪಿಲ್ಲ ಎನ್ನುವಷ್ಟಕ್ಕೆ ನಾನು ನಿಲ್ಲುತ್ತೇನೆ.

ಯಾವುದನ್ನು ಆರಿಸಿಕೊಂಡರೂ ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಗಿಡಮೂಲಿಕೆ ತಾನೇ ಎಂದು ನಮ್ಮ ಹಿರಿಯರು ಅದನ್ನು ಹೇಳುವುದೇ ಇಲ್ಲ. ಹೃದಯದ ತೊಂದರೆಗೆ ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧ ತೆಗೆದುಕೊಳ್ಳುವವರು ಗಿಂಕೊ ಸೇರಿಸಿಕೊಂಡರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಶಸ್ತ್ರಚಿಕಿತ್ಸೆಗೆ ಮುಂಚೆಯಂತೂ ವೈದ್ಯರಿಗೆ ಇದು ಗೊತ್ತಿರಲೇಬೇಕು.